ಐರ್ಲೆಂಡಿನ ಕೇಕು, ನಮ್ಮ ಓಣಿಯ ಗಿರಣಿ

ಮೂವತ್ತೆಂಟು ಕಿಲೋ ತೂಗುವ ಹೆಂಗಸಿಗೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಎಂಥ ಗದ್ದಲವಿದ್ದರೂ ಸೀಟು ಸಿಗುತ್ತದೆ. ಒಮ್ಮೆ ಎಪ್ಪತ್ತು ದಾಟಿದ ಮುದುಕರೊಬ್ಬರು ಕೋಲೂರಿಕೊಂಡು ಎದ್ದು, “ಕೂಡು ಆಯಿ, ನೀ ಕೂಡು” ಅಂದರು. ನನಗಾಗ ನಲವತ್ತಮೂರು. ಅವರ ಮಗಳಿಗಿಂತ ಸಣ್ಣವಳಿರಬೇಕು. ಆದರೂ ಕೂತೆ, ನಿಲ್ಲುವ ತ್ರಾಣ ಇರಲಿಲ್ಲ. ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಂಡಾಗ ಮುದುಕರ ತಪ್ಪೇನೂ ಇಲ್ಲ ಅನಿಸಿತು.

ಮಂಠಾಳದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ತವರು ಹುಮನಾಬಾದ್, ಸಂಸಾರ ಬಸವಕಲ್ಯಾಣದಲ್ಲಿ. ಗಂಡ ಶರಣಪ್ಪ ಅವರದು ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿ. ಮಗಳು ಐಶು ಆಗ ಹತ್ತನೆಯ ತರಗತಿಯಲ್ಲಿದ್ದಳು. ಇಷ್ಟೇ ನಮ್ಮ ಮನೆ.

ಹೊಟ್ಟೆಯ ರೋಗವನ್ನು ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಿಲ್ಲ. ಜ್ವರ ಅಂತ ಹೇಳಬಹುದು, ಮೊಣಕಾಲು ಅಂತ ಹೇಳಬಹುದು. ದಿನಕ್ಕೆ ಎಂಟು ಸಲ ಹೊರಕಡೆಗೆ ಓಡಬೇಕಾಗುತ್ತದೆ ಅಂತ ಹೇಗೆ ಹೇಳುವುದು? ಶಾಲೆಯಲ್ಲಿ ಪಾಠದ ನಡುವೆ ಸೀಮೆಸುಣ್ಣ ಇಟ್ಟು ಹೊರಗೆ ಓಡುತ್ತಿದ್ದೆ. ಮಕ್ಕಳು ಮೊದಮೊದಲು ನಕ್ಕವು, ಆಮೇಲೆ ನಾನು ಎದ್ದ ಕೂಡಲೇ ತಾವೇ ಬಾಗಿಲು ತೆರೆದು ದಾರಿ ಬಿಡತೊಡಗಿದವು. ಕೂದಲು ಬಾಚಣಿಕೆಗೆ ಬಂತು. ಬಾಯಿತುಂಬ ಹುಣ್ಣು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಎರಡು ವರ್ಷ ಒಬ್ಬರಾದ ಮೇಲೆ ಒಬ್ಬರಿಗೆ ತೋರಿಸಿದೆ. ಜಂತುಹುಳದ ಗುಳಿಗೆ ನುಂಗಿದೆ, ಟಾನಿಕ್ ಕುಡಿದೆ, ಮೂರು ದರ್ಗಾಗಳ ತಾಯಿತ ಕಟ್ಟಿಸಿಕೊಂಡೆ, ಎರಡು ಮಠಗಳ ವಿಭೂತಿ ಹಚ್ಚಿಕೊಂಡೆ. ಯಾವುದಕ್ಕೂ ನನ್ನ ಹೊಟ್ಟೆ ಜಗ್ಗಲಿಲ್ಲ.

ಕಡೆಗೆ ಹುಮನಾಬಾದಿನ ಡಾಕ್ಟರೊಬ್ಬರು ನನ್ನ ಉಗುರು ನೋಡಿದರು, ನಾಲಿಗೆ ನೋಡಿದರು, ರಕ್ತ ತೆಗೆಸಿ ದೂರದ ಊರಿಗೆ ಕಳಿಸಿದರು. ಆಮೇಲೆ ಸೋಲಾಪುರಕ್ಕೆ ಹೋಗಿ ಗಂಟಲಲ್ಲಿ ನಳಿಕೆ ಇಳಿಸಿಕೊಂಡು ಕರುಳಿನ ಚೂರು ಕೊಟ್ಟು ಬಂದೆ. ರೋಗದ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ಡಾಕ್ಟರು ಹೇಳಿದ ಮಾತು ಮಾತ್ರ ನೆನಪಿದೆ.

“ಗೋಧಿ ನಿಮಗ ವಿಷ ಅದರಿ. ಒಂದ್ ಚೂರಲ್ಲ, ಒಂದ್ ಕಣ ಸುದ್ದಾ ಬ್ಯಾಡ. ಜನ್ಮಪೂರ್ತಿ.”

ಜೊತೆಗೆ ಬಂದಿದ್ದ ನನ್ನ ಅವ್ವ ಹೊರಗೆ ಬಂದವಳೇ ಸೆರಗು ಬಾಯಿಗೆ ಹಿಡಿದು ನಕ್ಕಳು. “ಗೋಧಿ ವಿಷ ಅಂತ. ಹಿಂಗ ಹೇಳಿದ್ರ ನಾವು ಹೊಲ ಮಾಡಿದವ್ರೆಲ್ಲ ವಿಷ ಬಿತ್ತಿದಂಗಾಯ್ತು. ಇವಂಗ ಡಾಕ್ಟರಕಿ ಕಲಿಸಿದವ್ರು ಯಾರು?” ನಗುತ್ತ ನಗುತ್ತ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅತ್ತಳು. ಹೆಸರಿಲ್ಲದ ರೋಗಕ್ಕೆ ಎರಡು ವರ್ಷ ಹೆದರದೆ ನಿಂತಿದ್ದವಳು, ಹೆಸರು ಸಿಕ್ಕ ದಿನ ಧೈರ್ಯ ಕಳೆದುಕೊಂಡಳು.

ನಮ್ಮ ಭಾಗದವರಿಗೆ ಜೋಳದ ರೊಟ್ಟಿಯೇ ಊಟ. ಹಾಗಾಗಿ ಎಲ್ಲರೂ ಇದೇನು ಮಹಾ ಅಂದರು. “ಚಪಾತಿ ಬಿಟ್ರ ಮುಗೀತಲ್ಲ” ಅಂದರು ನಮ್ಮ ಮನೆಯವರು. ಬಿಟ್ಟಾಗಲೇ ಗೊತ್ತಾಯಿತು, ಗೋಧಿ ಎಲ್ಲೆಲ್ಲಿ ಕೂತಿದೆ ಅಂತ. ಹೋಳಿಗೆಯಲ್ಲಿ, ಹುಗ್ಗಿಯಲ್ಲಿ, ಶಂಕರಪಾಳಿಯಲ್ಲಿ, ಸ್ಟಾಫ್ ರೂಮಿನ ಬಿಸ್ಕಿಟ್ಟಿನಲ್ಲಿ, ಇಂಗಿನ ಡಬ್ಬಿಯಲ್ಲಿ ಸುದ್ದಾ. ಹೊಸ ಹಂಚು ತಂದೆವು, ಹೊಸ ಲಟ್ಟಣಿಗೆ, ಹೊಸ ಡಬ್ಬಿಗಳು. ನನ್ನ ತಟ್ಟೆಗೆ ಐಶು ಕೆಂಪು ದಾರ ಕಟ್ಟಿದಳು. ಮಠದಲ್ಲಿ ಹುಗ್ಗಿಯ ಪ್ರಸಾದಕ್ಕೆ ಕೈ ಒಡ್ಡದೆ ನಿಂತಾಗ ಬಡಿಸುತ್ತಿದ್ದ ಹಿರಿಯರು, “ಟೀಚರ್ ಆದ ಮ್ಯಾಲ ಪ್ರಸಾದ ಸೇರಲ್ಲೇನು” ಅಂದರು. ತಲೆ ತಗ್ಗಿಸಿ ಬಂದೆ.

ಊಟದ್ದು ಹೇಗೋ ನಡೆಯಿತು. ಸಂಜೆ ನಾಲ್ಕು ಗಂಟೆಯದೇ ಕಷ್ಟ. ಶಾಲೆಯಿಂದ ಬಂದು ಚಹಾ ಇಟ್ಟುಕೊಂಡು ಕೂತಾಗ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿಯಲ್ಲಿ ಏನೂ ಇಲ್ಲ. ಮೂವತ್ತು ವರ್ಷ ಚಹಾದಲ್ಲಿ ಅದ್ದಿ ತಿಂದ ಬಾಯಿ. ನಲವತ್ತರ ಮೇಲಿನ ಹೆಂಗಸು ಒಂದು ಬಿಸ್ಕಿಟ್ಟಿಗಾಗಿ ಅಳುವುದು ಅಂದರೆ ನಾಚಿಕೆಗೇಡು. ನಾನು ಅತ್ತಿದ್ದೇನೆ.

ಆಗ ನೆನಪಾದವಳು ಶಾಹೀನ. ಹುಮನಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವಳು ನರ್ಸಿಂಗ್ ಓದಿ, ಸೌದಿಯಲ್ಲಿ ಹತ್ತು ವರ್ಷ ದುಡಿದು, ಈಗ ಐರ್ಲೆಂಡಿನ ಒಂದು ಸಣ್ಣ ಊರಿನ ದವಾಖಾನೆಯಲ್ಲಿದ್ದಾಳೆ. ಫೋನಿನಲ್ಲಿ ನನ್ನ ರೋಗದ ಹೆಸರು ತಡವರಿಸಿ ಹೇಳಿದೆ. ಅವಳು ಗಾಬರಿಯಾಗಲಿಲ್ಲ.

“ಅಯ್ಯ, ಇದಾ? ಇಲ್ಲಿ ಓಣಿಗೊಬ್ರು ಇದಾರ ನೋಡು ಇದರವ್ರು. ನಮ್ಮ ಬಾಜೂ ಮನಿ ನೋರಾ ಮುದುಕಿಗಿ ಹುಟ್ಟಿದಾಗಿಂದ ಇದೇ ಅದ. ಸಣ್ಣಾಕಿ ಇದ್ದಾಗ ಬರೇ ಬಾಳಿಹಣ್ಣು ತಿನ್ನಿಸಿ ಬೆಳೆಸ್ಯಾರಂತ. ಈಗ ಎಪ್ಪತ್ತಾರು, ನನಗಿಂತ ಜೋರ್ ನಡೀತಾಳ. ದಿನಾ ಕೇಕ್ ಮಾಡ್ಕೊಂಡು ತಿಂತಾಳ.”

“ಕೇಕ್? ಗೋಧಿ ಇಲ್ದ?”

“ಅಕ್ಕಿ ಹಿಟ್ಟಿಲೇ. ನಿಲ್ಲು, ಕೇಳಿ ಹೇಳ್ತೀನಿ.”

ಮರುದಿನ ನೋರಾ ಅಜ್ಜಿಯ ದನಿ ಫೋನಿಗೆ ಬಂತು. ಅವರ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು ನನ್ನ ಹೆಸರೊಂದೇ, ಸುಮಿ ಅನ್ನುವುದನ್ನೂ ‘ಶೂಮಿ’ ಅಂದರು. ಹಿಂದೆಯೇ ಶಾಹೀನಳ ಕನ್ನಡ. ಶುಂಠಿಯ ಕೇಕು. ಅಕ್ಕಿ ಹಿಟ್ಟು, ಬೆಣ್ಣೆ, ಶುಂಠಿ, ದಾಲ್ಚಿನ್ನಿ, ಡಬ್ಬಿಯಲ್ಲಿ ಸಿಗುವ ಕಪ್ಪು ಪಾಕ, ಎರಡು ತತ್ತಿ.

“ತತ್ತಿ ನಮ್ಮ ಮನ್ಯಾಗ ಬರಂಗಿಲ್ಲಲ್ಲ ಶಾಹೀನ.”

“ಗೊತ್ತದವ್ವ ಲಿಂಗವಂತ್ರಾಕಿ. ಮೊಸರು ಹಾಕು. ಕಪ್ಪು ಪಾಕದ ಬದಲಿಗೆ ಬೆಲ್ಲ ಕರಗಿಸಿ ಹಾಕು. ಓವನ್ ಇಲ್ಲಂದ್ರ ಕುಕ್ಕರ್‌ದಾಗ ಉಪ್ಪು ಹಾಕಿ ಕಾಸು, ರಬ್ಬರ್ ತಗಿ, ಸೀಟಿ ತಗಿ. ನಡುವ ಮುಚ್ಚಳ ತೆರದು ನೋಡಬ್ಯಾಡ ಅಂತ ಮುದುಕಿ ಎರಡ್ ಸಲ ಹೇಳ್ಯಾಳ.”

ಮೊದಲನೆಯ ಕೇಕನ್ನು ಐಶು ಸುತ್ತಿಗೆ ತರಲೇ ಅಂತ ಕೇಳಿದಳು. ನೋರಾ ಅಜ್ಜಿ ಎರಡು ಕಪ್ಪು ಹಿಟ್ಟು ಅಂದಿದ್ದರು. ನಾನು ಹಿಟ್ಟನ್ನು ಸ್ಟೀಲಿನ ದೊಡ್ಡ ಲೋಟದಲ್ಲೂ ಮೊಸರನ್ನು ಹೋಟೆಲಿನ ಚಹಾದ ಕಪ್ಪಿನಲ್ಲೂ ಅಳೆದಿದ್ದೆ. ಎರಡನೆಯದು ಕೆಳಗೆ ಸೀದಿತು. ಮೂರನೆಯದು ಒಂದು ಭಾನುವಾರ ಕುಕ್ಕರಿನ ಮುಚ್ಚಳ ತೆಗೆದಾಗ ನಡುವೆ ಬಿರಿದುಕೊಂಡು, ಕಂದು ಬಣ್ಣಕ್ಕೆ ತಿರುಗಿತ್ತು, ಅಂಗಳದವರೆಗೂ ಶುಂಠಿ ಬೆಲ್ಲದ ಘಮ ಹೋಯಿತು. ನಮ್ಮ ಮನೆಯವರು ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತು, “ಯಾರ ಮನ್ಯಾಗ ಏನ್ ಮಾಡ್ಯಾರ?” ಅಂದರು.

ಆ ಒಂದು ತುಂಡು ಬಾಯಿಗಿಟ್ಟುಕೊಂಡದ್ದನ್ನು ಹೇಗೆ ಹೇಳಲಿ? ಹುಣ್ಣಾದ ನಾಲಿಗೆಯ ಮೇಲೆ ಅದು ಮೆತ್ತಗೆ ಕರಗಿತು. ಎಲ್ಲರೂ ತಿನ್ನುವಂಥದ್ದೇ ಏನನ್ನೋ ನಾನೂ ತಿಂದೆ ಅನಿಸಿತು. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಎರಡು ತುಂಡು. ಮನಸ್ಸು ಕೆಟ್ಟ ದಿನ ಮೂರು. ಶಾಹೀನ, ನೋರಾ ಅಜ್ಜಿ ಇಬ್ಬರೂ ಸೇರಿ ವಾರಕ್ಕೊಂದು ಕಳಿಸತೊಡಗಿದರು: ಬಾಳೆಹಣ್ಣಿನದು, ಕೊಬ್ಬರಿಯ ಬಿಸ್ಕಿಟ್ಟು, ಕಿತ್ತಳೆ ಸಿಪ್ಪೆ ಹಾಕಿದ್ದು. ಹಿಟ್ಟು ಬೇಗ ಬೇಗ ಮುಗಿಯುತ್ತಿತ್ತು. ಐಶು ಹತ್ತು ದಿನಕ್ಕೊಮ್ಮೆ ಅಕ್ಕಿ ತೊಳೆದು ಒಣಗಿಸುತ್ತಿದ್ದಳು.

ಆರು ತಿಂಗಳಾದ ಮೇಲೆ ಪರೀಕ್ಷೆಗೆ ಮತ್ತೆ ರಕ್ತ ಕೊಟ್ಟೆ. ಹುಮನಾಬಾದಿನ ಆ ದವಾಖಾನೆಯ ಬೆಂಚಿನ ಮೇಲೆ ನಾನು ಖುಷಿಯಿಂದ ಕೂತಿದ್ದೆ. ಗೋಧಿಯ ಕಣ ಮುಟ್ಟಿರಲಿಲ್ಲ. ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಮೂವತ್ತೆಂಟಕ್ಕೆ ನಿಂತಿತು. ರೋಗ ಗೊತ್ತಾದ ದಿನ ನಲವತ್ತೆರಡಿತ್ತು.

ಡಾಕ್ಟರು ಕಾಗದವನ್ನು ತಿರುವಿ ನೋಡಿದರು, ಮತ್ತೆ ತಿರುವಿದರು. “ರಕ್ತದಾಗಿನ ನಂಬರು ಇಳೀಬೇಕಿತ್ತು. ಇಳದಿಲ್ಲ, ಏರ್ಯದ. ಒಂದ್ ಮಾತು ಕೇಳ್ತೀನಿ, ತಪ್ಪ ತಿಳ್ಕೊಬ್ಯಾಡ್ರಿ. ಕದ್ದು ಏನರ ತಿಂತೀರೇನು?”

“ಇಲ್ರಿ.”

“ಬಹಳ ಮಂದಿ ತಿಂತಾರ. ನಾ ಬೈಯಂಗಿಲ್ಲ.”

“ಇಲ್ರಿ ಸರ್. ನನ್ನ ಮಗಳ ಆಣಿ.”

ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ಕರುಳಿನಲ್ಲಿ ಬೇರೆ ಏನಾದರೂ ಇರಬಹುದು, ಇನ್ನು ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಮತ್ತೆ ನಳಿಕೆ, ಸ್ಕ್ಯಾನು, ಬೇಕಾದರೆ ಹೊಟ್ಟೆ ತೆರೆಯುವುದು ಅಂದರು. ‘ಗಂಟು’ ಎಂಬ ಮಾತು ಅವರ ಬಾಯಿಂದ ಒಂದೇ ಸಲ ಬಂತು, ಅದೂ ಮೆಲ್ಲಗೆ. ಆ ಮಾತು ಬಿದ್ದ ಮೇಲೆ ಬೇರೆ ಯಾವ ಮಾತೂ ನನಗೆ ಕೇಳಿಸಲಿಲ್ಲ.

ವಾಪಸು ಬರುವಾಗ, ಜೊತೆಗಿದ್ದ ನಮ್ಮ ಮನೆಯವರು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದ ಮೇಲೆ ನಾನು ಬಚ್ಚಲಿನಿಂದ ಹೊರಬಂದಾಗ ಅವರು ನನ್ನ ಶಾಲೆಯ ಚೀಲವನ್ನು ಹಾಸಿಗೆಯ ಮೇಲೆ ಸುರಿದು ಕೂತಿದ್ದರು. ಹಾಜರಿ ಪುಸ್ತಕ, ಸೀಮೆಸುಣ್ಣ, ಗುಳಿಗೆ. ಒಂದು ಕಾಗದದಲ್ಲಿ ಚೂರು ಚೂರು.

“ಇದೇನು?”

“ಕೇಕಿನ ಚೂರು. ನೀವೂ ತಿಂದೀರಿ ಅದನ್ನ.”

“ಖರೇ ಹೇಳು ಸುಮಿ. ಶಾಲ್ಯಾಗ ಬಿಸ್ಕಿಟ್ ಕೊಟ್ರ ತಿಂತಿಯಲ್ಲ? ನೀ ಸತ್ರ ನಾ ಏನ್ ಮಾಡ್ಲಿ, ಆ ಪೋರಿಗಿ ಏನ್ ಹೇಳ್ಲಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೇಡಿಕೊಳ್ಳುತ್ತಿದ್ದರು. ನಾನೇ ನನ್ನನ್ನು ಕೊಂದುಕೊಳ್ಳುತ್ತಿದ್ದೇನೆ ಅಂತ ನನ್ನ ಜೊತೆ ಹದಿನೆಂಟು ವರ್ಷ ಬಾಳಿದವರು ನಂಬಿದ್ದರು. ಸಾಮಾನೆಲ್ಲ ಚೀಲಕ್ಕೆ ತುಂಬಿದೆ.

ಅಲ್ಲಿಂದ ಎರಡು ತಿಂಗಳು ನಾನು ಸಾಯುವ ತಯಾರಿಯಲ್ಲೇ ಇದ್ದೆ. ಯಾರಿಗೂ ಹೇಳಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಐಶುವಿಗೆ ಬರೆದಿಟ್ಟೆ: ಯಾವ ಸೀರೆ ಯಾರಿಗೆ, ಅಪ್ಪನಿಗೆ ರಕ್ತದೊತ್ತಡದ ಗುಳಿಗೆ ಯಾವ ಹೊತ್ತಿಗೆ, ಉಪ್ಪಿನಕಾಯಿಗೆ ಉಪ್ಪು ಎಷ್ಟು. ಶಾಲೆಗೆ ರಜೆ ಹಾಕಿದೆ. ಅವ್ವ ಹುಮನಾಬಾದಿನಿಂದ ಬಂದು ವಾರಗಟ್ಟಲೆ ಇದ್ದಳು. ನಾನು ನಿದ್ದೆ ಹೋದೆ ಅಂದುಕೊಂಡು ನನ್ನ ಕಾಲಿನ ಮೀನಖಂಡ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಸಂತೆಯಲ್ಲಿ ಸೌತೆಕಾಯಿ ಮುಟ್ಟಿ ನೋಡುವ ಹಾಗೆ. “ಒಂದ್ ತುತ್ತು ಗೋಧಿ ಹುಗ್ಗಿ ಉಂಡ್ರ ಶಕ್ತಿ ಬರ್ತಿತ್ತೇನೋ” ಅಂತ ಒಮ್ಮೆ ಪಿಸುಗುಟ್ಟಿದಳು. ಅದನ್ನು ನಾನು ಕೇಳಿಸಿಕೊಂಡೆ ಅಂತ ಗೊತ್ತಾಗಿ ಬಾಯಿ ಮುಚ್ಚಿಕೊಂಡಳು.

ಒಂದೇ ಒಂದು ಸುಖ ಉಳಿದಿತ್ತು, ನಾಲ್ಕು ಗಂಟೆಯ ಕೇಕು. ಊಟ ಸೇರದ ದಿನ ಅದೇ ಊಟ. ನನ್ನನ್ನು ಹಿಡಿದು ನಿಲ್ಲಿಸಿರುವುದು ಇದೊಂದೇ ಅಂತ ಶಾಹೀನಳಿಗೆ ಹೇಳುತ್ತಿದ್ದೆ. ಅವಳು, “ತಿನ್ನು, ಹೊಟ್ಟಿ ತುಂಬಾ ತಿನ್ನು” ಅನ್ನುತ್ತಿದ್ದಳು.

ಅಕ್ಕಿ ಬೀಸಿಸಿಕೊಂಡು ಬರುವ ಕೆಲಸ ಯಾವಾಗಲೂ ಐಶುವಿನದು. ಆ ಭಾನುವಾರ ಅವಳಿಗೆ ಪರೀಕ್ಷೆಯ ತಯಾರಿ. ಓಣಿಯ ತುದಿಯವರೆಗೆ ನಾನೇ ನಡೆದು ಹೋಗುತ್ತೇನೆ ಅಂದೆ. ನಡು ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡೆ.

ಗಿರಣಿ ಮೌಲಾಲಿ ಚಾಚಾ ಅವರದು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಅದೇ ಬಿಳಿ ರೆಪ್ಪೆ, ಬಿಳಿ ಗಡ್ಡ. ವಯಸ್ಸಿನದೆಷ್ಟು, ಹಿಟ್ಟಿನದೆಷ್ಟು ಅಂತ ಹೇಳಲಾಗುವುದಿಲ್ಲ. ನನ್ನನ್ನು ಕಂಡವರೇ ಸಾಲಿನಲ್ಲಿದ್ದವರ ಡಬ್ಬಿಗಳನ್ನು ಕಾಲಿನಿಂದ ಸರಿಸಿ, “ಟೀಚರ್‌ದು ಮೊದಲ ಬೀಸ್ತೀನಿ. ಬೇಟಿ, ನೀ ಯಾಕ ಬಂದಿ? ಬಾ, ಚೀಲದ ಮ್ಯಾಲ ಕೂಡು” ಅಂದರು.

ಅಷ್ಟರಲ್ಲಿ ಫೋನು ಕಂಪಿಸಿತು. ಶಾಹೀನ, ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದಿದ್ದಳು. ವಿಡಿಯೋದಲ್ಲಿ ನನ್ನ ಹಿಂದೆ ಗಿರಣಿಯ ಪಟ್ಟಿ ತಿರುಗುವುದು ಕಂಡು ಅವಳ ಮುಖ ಅರಳಿತು. “ಏ, ಗಿರಣಿ. ತೋರ್ಸು, ತೋರ್ಸು. ಆ ಬಿಸಿ ಹಿಟ್ಟಿನ ವಾಸನಿ ಮೂಗಿನಾಗ ಬಂದಂಗಾಯ್ತು ನೋಡು.”

ಫೋನು ತಿರುಗಿಸಿ ಹಿಡಿದೆ. ಚಾಚಾ ಅವಳಿಗೆ ಸಲಾಂ ಹೇಳಿದರು. ನನಗಿಂತ ಮೊದಲಿನವರ ಹಿಟ್ಟು ಬೀಳುವುದು ನಿಂತಿತು, ನನ್ನ ಅಕ್ಕಿ ಸುರಿದರು, ಬೀಸಿತು. ಹಿಟ್ಟು ಬೀಳುವ ಬಾಯಿಗೆ ಅಂಗಿಯ ತೋಳಿನಂಥ ಉದ್ದನೆಯ ಬಟ್ಟೆ ಕಟ್ಟಿರುತ್ತದಲ್ಲ, ಕಡೆಗೆ ಚಾಚಾ ಆ ಬಟ್ಟೆಯನ್ನು ಹಿಡಿದು ಕೈಯಿಂದ ಪಟಪಟ ಬಡಿದರು. ಬೇರೆಯವರಿಗೆ ಎರಡು ಏಟು. ನನಗೆ ಹತ್ತು ಹನ್ನೆರಡು. ಬಟ್ಟೆಯ ಮಡಿಕೆಯಲ್ಲಿ ಕೂತ ಹಿಟ್ಟೆಲ್ಲ ನನ್ನ ಡಬ್ಬಿಗೆ ಧೂಳಾಗಿ ಇಳಿಯಿತು.

“ನಮ್ಮ ಟೀಚರ್ ಸೊರಗ್ಯಾಳ. ಒಂದ್ ಮುಟಗಿ ಹೆಚ್ಚ ಹೋಗ್ಲಿ” ಅಂದರು ಚಾಚಾ, ಫೋನಿನ ಕಡೆ ನೋಡಿ ನಗುತ್ತ.

ಶಾಹೀನ ನಗಲಿಲ್ಲ. “ಸುಮಿ, ನಿನ್ನಕಿಂತ ಮೊದಲ ಏನ್ ಬೀಸ್ಲಾಕತ್ತಿದ್ರು?”

ನಾನು ಪಕ್ಕದವರ ಡಬ್ಬಿ ನೋಡಿದೆ. “ಗೋಧಿ.”

“ಪ್ರತಿ ಸಲಾ ಇಲ್ಲೇ ಬೀಸಸ್ತಿಯೇನು? ಜೋಳಾನೂ? ಕೇಕಿನ ಅಕ್ಕಿನೂ?”

“ಮತ್ತೆಲ್ಲಿ ಬೀಸಸ್ಲಿ?”

ಅವಳು ಮುಖದ ಮೇಲೆ ಕೈ ಇಟ್ಟುಕೊಂಡಳು. ಇಪ್ಪತ್ತು ವರ್ಷದಿಂದ ಮುಚ್ಚಿದ ಪಾಕೀಟು ಕತ್ತರಿಸಿ ಹಿಟ್ಟು ಸುರಿದುಕೊಂಡವಳು. “ನಾ ಗಿರಣಿ ಮರತೇ ಬಿಟ್ಟಿದ್ದೆನಲ್ಲ” ಅಂದಳು. “ಹುಮನಾಬಾದ್‌ದಾಗ ಹುಟ್ಟಿ, ತಲಿ ಮ್ಯಾಲ ಡಬ್ಬಿ ಹೊತ್ತು ಗಿರಣಿಗಿ ಹೋದಾಕಿ ನಾ, ಮರತ ಬಿಟ್ಟೆ. ತಿನ್ನು ತಿನ್ನು ಅಂತ ನಾನೇ ತಿನ್ನಿಸ್ದೆ.” ಆಮೇಲೆ ಬರೀ ಅಳು. ಗಿರಣಿಯ ಸದ್ದಿನಲ್ಲಿ ಅದು ಕೇಳುತ್ತಿರಲಿಲ್ಲ, ಕಾಣುತ್ತಿತ್ತು.

ನಾವು ಗಿರಣಿಯಲ್ಲಿ ಎಷ್ಟೆಲ್ಲ ಮಡಿ ನೋಡುತ್ತೇವೆ. ಸಜ್ಜೆಯ ಮೇಲೆ ಜೋಳ ಹಾಕಿದರೆ ಬಣ್ಣ ಕೆಡುತ್ತದೆ ಅನ್ನುತ್ತೇವೆ, ಕಡಲೆಯ ಮೇಲೆ ಬೀಸಿದರೆ ರೊಟ್ಟಿ ಮುರಿಯುತ್ತದೆ ಅನ್ನುತ್ತೇವೆ. ಗೋಧಿಯ ಮೇಲೆ ಏನು ಬೀಸಿದರೂ ಯಾರೂ ತಕರಾರು ಮಾಡುವುದಿಲ್ಲ. ಬಿಳಿ ಹಿಟ್ಟಿನಲ್ಲಿ ಬಿಳಿ ಹಿಟ್ಟು. ಹೊಸ ಹಂಚು ತಂದವರು, ಲಟ್ಟಣಿಗೆ ತಂದವರು, ಇಂಗು ಬಿಟ್ಟವರು, ನಮಗೆ ಗಿರಣಿ ನೆನಪಾಗಿರಲಿಲ್ಲ.

ಚಾಚಾ ಮೋಟಾರು ಬಂದ್ ಮಾಡಿದ್ದರು. “ಏನಾಯ್ತು ಬೇಟಿ? ಆ ಹುಡಗಿ ಯಾಕ ಅಳ್ತಾಳ?”

ಅಲ್ಲಿಯವರೆಗೆ ಅವರಿಗೆ ನನ್ನ ರೋಗ ಏನಂತ ಹೇಳಿರಲಿಲ್ಲ. ನಾಚಿಕೆ. ಆಗ ಹೇಳಿದೆ, ಸಾಲಿನಲ್ಲಿದ್ದ ಗಂಡಸರ ಮುಂದೆಯೇ. ಅವರು ಪೂರ್ತಿ ಕೇಳಿ, ನನ್ನ ಡಬ್ಬಿಯ ಕಡೆ ನೋಡಿದರು. ಆ ಬಟ್ಟೆಯ ತೋಳನ್ನು ಇನ್ನೂ ಹಿಡಿದೇ ಇದ್ದರು.

“ಬ್ಯಾರೇದವ್ರಿಗಿ ಎರಡ್ ಸಲ ಝಾಡಿಸ್ತೀನಿ” ಅಂದರು. “ನಿನಗ ಮಾತ್ರ ಪೂರಾ.”

ಕೂತುಬಿಟ್ಟರು. ಅವತ್ತು ಮತ್ತೆ ಗಿರಣಿ ನಡೆಯಲಿಲ್ಲ. ಜನ ಡಬ್ಬಿ ಎತ್ತಿಕೊಂಡು ಹೋದರು. ನಾನು ನನ್ನ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ದಾರಿಯಲ್ಲಿ ಕೂತಾಗ ನನಗೆ ಸಮಾಧಾನವೂ ಆಗಲಿಲ್ಲ, ನಗೆಯೂ ಬರಲಿಲ್ಲ. ಇದೇ ಕಾರಣವೋ, ಇಲ್ಲ ಒಳಗೆ ಗಂಟೂ ಇದೆಯೋ ಅಂತ ಹೇಳುವವರು ಯಾರು? ನಾನು ಆಸೆಯಿಂದ ತಿಂದ ಒಂದೊಂದು ತುಂಡೂ ನೆನಪಾಯಿತು. ಮನಸ್ಸು ಕೆಟ್ಟ ದಿನ ಮೂರು.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ಡಬ್ಬಿಗಳಲ್ಲಿದ್ದ ಜೋಳದ ಹಿಟ್ಟು, ಅಕ್ಕಿ ಹಿಟ್ಟು ಎಲ್ಲ ಒಂದು ಚೀಲಕ್ಕೆ ಸುರಿದು ಪಕ್ಕದ ಮನೆಯ ಎಮ್ಮೆಗೆ ಕೊಟ್ಟು ಬಂದರು. ನನ್ನ ಮುಖ ನೋಡದೆ, “ನಿನ್ನ ಚೀಲ ಸುರುವಬಾರ್ದಿತ್ತು ನಾ” ಅಂದರು. ನಾನು, “ಚಹಾ ಮಾಡ್ಲೇನು” ಅಂತ ಕೇಳಿದೆ. ನಮ್ಮಲ್ಲಿ ಗಂಡ ಹೆಂಡಿರ ನಡುವೆ ಕ್ಷಮೆ ಅಂದರೆ ಇಷ್ಟೇ.

ಹಿಟ್ಟಿಲ್ಲದೆ ನಾಲ್ಕು ದಿನ ಬರೀ ಅನ್ನ. ಐದನೆಯ ದಿನ ಬೆಳಿಗ್ಗೆ ಚಾಚಾ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೇ ನಿಂತರು.

“ಬೇಟಿ, ಖಾರದ ಮಷಿನ್ ಒಂದದಲ್ಲ ನಂದು, ಮೂಲ್ಯಾಗ. ಅದಕ ಮೆಣಸಿನಕಾಯಿ ಬಿಟ್ಟು ಬ್ಯಾರೇದು ಗೊತ್ತಿಲ್ಲ. ಗೋಧಿ ಒಂದ್ ಕಾಳು ಸುದ್ದಾ ಮುಟ್ಟಿಲ್ಲ. ಬಿಚ್ಚಿ ತೊಳದೀನಿ, ಮೂರ್ ದಿನ ಬಿಸಲಿಗಿ ಇಟ್ಟೀನಿ, ನುಚ್ಚಕ್ಕಿ ಹಾಕಿ ಹಾಕಿ ಬೀಸಿ ಕೋಳಿಗಿ ಚೆಲ್ಲೀನಿ. ಬಾಜೂಕ ತಗಡಿನ ಗ್ವಾಡಿ ಹಾಕಿಸೀನಿ. ಇನ್ನ ಅದು ನಿಂದು.”

ಆಗ ಬೇಸಿಗೆ. ಊರಿಗೆ ಊರೇ ವರ್ಷದ ಖಾರ ಕುಟ್ಟಿಸುವ ಕಾಲ. “ಮತ್ತ ಮಂದಿ ಖಾರ?” ಅಂದೆ.

“ಹೋಗ್ಲಿ ಬ್ಯಾರೆ ಗಿರಣಿಗಿ. ಊರಾಗ ನಾ ಒಬ್ಬಂವ ಇದೀನೇನು?”

ಡಾಕ್ಟರಿಗೆ ಫೋನು ಮಾಡಿ ಕೇಳಿದೆವು. ಗೋಡೆ ನಡುವೆ ಇದೆಯೆ, ಬಟ್ಟೆ ಹೊಸದೆ, ಗೋಧಿ ಬೀಸುವ ಹೊತ್ತಿಗೆ ಇದನ್ನು ನಡೆಸುತ್ತಾರೆಯೆ ಅಂತ ಹತ್ತು ಪ್ರಶ್ನೆ ಕೇಳಿ, ಗೋಧಿ ಶುರುವಾಗುವ ಮೊದಲೇ ಬೆಳಿಗ್ಗೆ ಬೀಸಿಸಿಕೊಳ್ಳಿ, ನೋಡೋಣ ಅಂದರು.

ಆ ಹಿಟ್ಟು ಸಂಜೆಗೆಂಪಿನ ಬಣ್ಣದ್ದು. ಎಷ್ಟು ತೊಳೆದರೂ ವರ್ಷಗಟ್ಟಲೆಯ ಖಾರ ಕಬ್ಬಿಣ ಬಿಟ್ಟು ಹೋಗುತ್ತದೆಯೆ? ಐಶು ಡಬ್ಬಿಯ ಮುಚ್ಚಳ ತೆಗೆದು ಏಳು ಸಲ ಸೀನಿದಳು. ಮೊದಲನೆಯ ಕೇಕು ಕುಕ್ಕರಿನಲ್ಲಿ ಬೇಯುವಾಗ ಅವ್ವ ಕೆಮ್ಮುತ್ತ ಅಂಗಳಕ್ಕೆ ಓಡಿದಳು. “ಇದು ಕೇಕೋ, ಚಟ್ನಿಪುಡಿಯೋ?” ಅಂದಳು ಐಶು.

ನಾನು ಬಾಯಿಗಿಟ್ಟೆ. ಶುಂಠಿ, ಬೆಲ್ಲ, ಅದರ ಹಿಂದೆ ಬೆಂಕಿ. ನಾಲಿಗೆಯ ಹುಣ್ಣುಗಳೆಲ್ಲ ಎದ್ದು ನಿಂತವು. ಕಣ್ಣಲ್ಲಿ ಧಾರಾಕಾರ ನೀರು. ಉಗುಳಲಿಲ್ಲ. ಮೊಸರು ಹಚ್ಚಿಕೊಂಡು ಪೂರಾ ತಿಂದೆ. ಹಾಲು ಕುಡಿದು ಇನ್ನೊಂದು ತುಂಡು ತಿಂದೆ. ರೊಟ್ಟಿಯೂ ಹಾಗೆಯೇ ಸುಡುತ್ತಿತ್ತು, ಅಳುತ್ತ ಉಣ್ಣುತ್ತಿದ್ದೆ. ನೋರಾ ಅಜ್ಜಿಗೆ ಶಾಹೀನ ಇದನ್ನೆಲ್ಲ ಹೇಳಿದಳಂತೆ. ಅವರ ದನಿ ಬಂತು, ಈ ಸಲ ನಗುತ್ತಿತ್ತು. ಶಾಹೀನ ಕನ್ನಡಕ್ಕಿಳಿಸಿದಳು: “ಅಕಿ ಅವ್ವನೂ ಶುಂಠಿ ಕೇಕಿಗಿ ಮೆಣಸು ಹಾಕ್ತಿದ್ದಳಂತ. ಚಳಿಗಿ ಭಾರಿ ಚಲೋ ಅಂತ. ಬಸವಕಲ್ಯಾಣದಾಗ ನಲವತ್ತೆರಡು ಡಿಗ್ರಿ ಅದ ಅಂತ ನಾ ಹೇಳ್ಲಿಲ್ಲ ಬಿಡು.”

ಮೂರನೆಯ ವಾರ ಒಮ್ಮೆಯೂ ಹೊರಕಡೆಗೆ ಏಳದೆ ರಾತ್ರಿಯೆಲ್ಲ ನಿದ್ದೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಹೋದೀತು ಅಂತ. ಆರನೆಯ ವಾರಕ್ಕೆ ಬಳೆ ಮುಂಗೈಯಲ್ಲಿ ನಿಂತವು. ಆದರೂ ಭಯ ಹೋಗಲಿಲ್ಲ. ಡಾಕ್ಟರು ಕೊಟ್ಟ ಮೂರು ತಿಂಗಳು ಮುಗಿದಿದ್ದರೂ ಇನ್ನಷ್ಟು ದಿನ ಕೇಳಿಕೊಂಡಿದ್ದೆ. ಕಡೆಗೆ ಅದೂ ಮುಗಿಯಿತು. ಸೋಲಾಪುರಕ್ಕೆ ಹೋಗಿ ಮತ್ತೆ ನಳಿಕೆ ಇಳಿಸಿಕೊಂಡೆ, ಸ್ಕ್ಯಾನು ಮಾಡಿಸಿಕೊಂಡೆ. ವಾರದ ಮೇಲೆ ಕಾಗದಗಳು ಹುಮನಾಬಾದಿಗೆ ಬಂದವು.

ಆ ಬೆಂಚಿನ ಮೇಲೆ ಕೂತದ್ದು ಎರಡು ಗಂಟೆ. ಅವ್ವ ಬಲಗಡೆ, ಐಶು ಎಡಗಡೆ. ನಮ್ಮ ಮನೆಯವರು ಕೂರಲಾಗದೆ ಹೊರಗೆ ರಸ್ತೆಯಲ್ಲಿ ಲಾರಿಗಳನ್ನು ನೋಡುತ್ತ ನಿಂತಿದ್ದರು. ಹೆಸರು ಕೂಗಿದಾಗ ಅವ್ವ ರಟ್ಟೆ ಹಿಡಿದು ಎಬ್ಬಿಸಿದಳು.

ಡಾಕ್ಟರು ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. “ಗಂಟು ಇಲ್ರಿ” ಅಂದರು. “ಕರುಳು ಮಾಯಲಾಕತ್ತದ. ರಕ್ತದ ನಂಬರು ಅರ್ಧಕ್ಕಿಂತ ಕೆಳಗ ಇಳದದ.” ತೂಕ ನಲವತ್ತೊಂದು.

ಅವ್ವ ಡಾಕ್ಟರಿಗೆ ಕೈ ಮುಗಿದು, “ಗೋಧಿ ವಿಷಾನೇ ಆಗ್ಲಿರಿ ನಮ್ಮಪ್ಪ, ನೀ ಹೇಳಿದ್ದೇ ಖರೇ” ಅಂದಳು. ಐಶು ಹೊರಗೆ ಓಡಿ ಅಪ್ಪನಿಗೆ ಹೇಳಿದಳು. ಅವರು ಒಳಗೆ ಬಂದರು, ಏನು ಮಾಡಬೇಕೆಂದು ತಿಳಿಯದೆ ಗೋಡೆಗೆ ಒರಗಿಸಿಟ್ಟಿದ್ದ ನನ್ನ ಕೊಡೆ ತೆಗೆದುಕೊಂಡು ಬಿಚ್ಚಿದರು, ಮಡಚಿದರು.

ನಾವು ಹೊರಡುವಾಗ ನಮ್ಮ ಬೆಂಚಿನ ಮೇಲೆ ಆಗಲೇ ಬೇರೆಯವರು ಕೂತಿದ್ದರು. ಕೊಡಂಬಲ ಕಡೆಯ ಹೆಣ್ಣುಮಗಳು. ತೊಡೆಯ ಮೇಲೆ ಐದಾರು ವರ್ಷದ ಕೂಸು, ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗಿದ್ದವು. ತಾಯಿಯ ಕೈಯಲ್ಲಿ ನನ್ನ ಬಳಿ ಇದ್ದಂಥದೇ ಕಾಗದ. ನಾನು ನಿಂತದ್ದು ನೋಡಿ ಅವಳು ತಾನಾಗಿ ಹೇಳಿದಳು, “ಗೋಧಿ ಬಿಡ್ಸಿ ಎಂಟ್ ತಿಂಗಳಾತ್ರಿ. ಬರೀ ಜೋಳದ ರೊಟ್ಟಿ ಕೊಡ್ತೀವಿ. ನಮ್ಮ ಅತ್ತಿ, ನಾನೇ ಕದ್ದು ಚಪಾತಿ ತಿನ್ನಸ್ತೀನಂತ ಅಂತಾರ.”

ನಮ್ಮ ಮನೆಯವರು ಬಸ್ಸಿನ ಹೊತ್ತಾಯಿತು ಅಂದರು. ನಾನು ಅವಳ ಪಕ್ಕದಲ್ಲಿ ಕೂತೆ.

“ತಂಗಿ, ಹಿಟ್ಟು ಎಲ್ಲಿ ಬೀಸಸ್ತಿ?”